ಬಾಳೆದಿಂಡಿನ ರಸದ ವಿರುದ್ಧ ನನ್ನ ವಾದ

ಕಿಡ್ನಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ನಮ್ಮ ಬನಶಂಕರಿಯಲ್ಲಿ ಯಾರೂ ಏನಾಗಿದೆ ಎಂದು ಕೇಳುವುದಿಲ್ಲ. ಬಾಳೆದಿಂಡಿನ ರಸ ಕುಡಿದೆಯಾ ಎಂದು ಕೇಳುತ್ತಾರೆ. ಹಾಲಿನ ಬೂತಿನಲ್ಲಿ ಕೇಳಿದ್ದಾರೆ. ಲಿಫ್ಟಿನಲ್ಲಿ ಕೇಳಿದ್ದಾರೆ. ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ನನ್ನ ಮುಂದೆ ನಿಂತಿದ್ದ, ಅಮ್ಮನ ಪರಿಚಯದ ಆಂಟಿಯೊಬ್ಬರು ಪೂರ್ತಿ ಹಿಂದಕ್ಕೆ ತಿರುಗಿ ಕೇಳಿದ್ದಾರೆ. ನಾನು ಉತ್ತರ ಹೇಳುವಷ್ಟರಲ್ಲಿ ಎಸ್ಕಲೇಟರ್ ಮುಗಿದು ಅವರು ಎಡವಿದರು. ನನಗೆ ಹೆಚ್ಚೇನೂ ಬೇಜಾರಾಗಲಿಲ್ಲ.

ನನ್ನದು ಕಲ್ಲಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದುತ್ತಿರುವವರಲ್ಲೂ ಅರ್ಧ ಜನ ಮಾರ್ಕೆಟ್ಟಿಗೆ ಹೊರಟುಬಿಡುತ್ತಾರೆ. ರಕ್ತ ಸೋಸುವ ಜಾಗವನ್ನು ನನ್ನ ದೇಹವೇ ಶತ್ರು ಎಂದು ತಿಳಿದು ಏಟು ಕೊಟ್ಟಿದೆ. ಅರ್ಧಕ್ಕಿಂತ ಹೆಚ್ಚು ಕೆಲಸ ನಿಂತುಹೋಗಿದೆ. ಉಳಿದದ್ದನ್ನು ಉಳಿಸಿಕೊಳ್ಳುವುದೇ ಈಗಿನ ಚಿಕಿತ್ಸೆ, ಉಳಿಯದಿದ್ದರೆ ಡಯಾಲಿಸಿಸ್. ಇದಕ್ಕಿಂತ ಹೆಚ್ಚಿನ ವಿವರ ಬೇಕಾದವರಿಗೆ ಡಾಕ್ಟರುಗಳಿದ್ದಾರೆ. ಅವರು ಹೇಳದೆ ಬಿಡುವ ಒಂದು ಸಂಗತಿಯ ಬಗ್ಗೆ ನಾನು ಬರೆಯುತ್ತಿದ್ದೇನೆ. ಕಾಯಿಲೆಯ ಜೊತೆಗೆ ನಮ್ಮವರ ಪ್ರೀತಿಯನ್ನೂ ಜೀರ್ಣಿಸಿಕೊಳ್ಳಬೇಕಾಗುತ್ತದೆ, ಮತ್ತು ಅದು ಬಹುಪಾಲು ಲೋಟದಲ್ಲಿ ಬರುತ್ತದೆ.

ಕಾಯಿಲೆ ಸಿಕ್ಕಿಬಿದ್ದದ್ದು ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯಲ್ಲಿ. ನನ್ನ ಬಿ.ಪಿ. ನೋಡಿದ ನರ್ಸ್, ಮಿಷನ್ ಕೆಟ್ಟಿದೆ ಎಂದು ಬೇರೆ ಮಿಷನ್ ತಂದರು. ಅದೂ ಕೆಟ್ಟಿತ್ತು. ಮೂರನೆಯದೂ ಅದನ್ನೇ ತೋರಿಸಿದಾಗ ಅವರು ನನ್ನ ಮುಖ ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ. ಸಂಜೆ ಹೊತ್ತಿಗೆ ಚಪ್ಪಲಿಯ ಪಟ್ಟಿ ಕಾಲಿನಲ್ಲಿ ಅಚ್ಚೊತ್ತುತ್ತಿದ್ದುದನ್ನು ನಾನು ಬೇಸಿಗೆಯ ಮೇಲೆ ಹಾಕಿದ್ದೆ. ಬೇಸಿಗೆ ಮುಗಿದು ಬಹಳ ದಿನವಾಗಿತ್ತು.

ಆಮೇಲೆ ಜಯನಗರದ ಆಸ್ಪತ್ರೆ, ರಕ್ತ, ಬೆನ್ನಿಗೆ ಸೂಜಿ, ಮುಖ ಇಡ್ಲಿಯಂತೆ ಉಬ್ಬಿಸುವ ಮಾತ್ರೆಗಳು. ಅಲ್ಲಿ ಕಿಡ್ನಿ ಡಾಕ್ಟರರ ಕೋಣೆಯ ಎದುರೇ ಡಯಾಲಿಸಿಸ್ ವಾರ್ಡಿನ ಬಾಗಿಲು. ಈ ನಕ್ಷೆ ಬರೆದ ಮಹಾನುಭಾವ ಯಾರೋ ಗೊತ್ತಿಲ್ಲ. ಸರದಿಗೆ ಕಾಯುವವರೆಲ್ಲ ಆ ಬಾಗಿಲು ತೆರೆದು ಮುಚ್ಚುವುದನ್ನೇ ನೋಡುತ್ತ ಕೂರಬೇಕು. ತೆರೆದಾಗ ಒಂದು ಹಾಸಿಗೆ, ಒಂದು ಕಾಲು, ಕೆಂಪು ಕೊಳವೆ ಕಾಣುತ್ತದೆ, ಮುಚ್ಚಿಕೊಳ್ಳುತ್ತದೆ. ನೋಡಬಾರದೆಂದು ಗೋಡೆಯ ಟಿ.ವಿ. ನೋಡಿದರೆ ಅಲ್ಲೊಬ್ಬಾಕೆ ಸೋರೆಕಾಯಿ ಹಿಂಡುತ್ತಿರುತ್ತಾಳೆ. ಅಪ್ಪ ಇಡೀ ಹೊತ್ತು ನನ್ನ ಫೈಲನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಿದ್ದರು, ಬಸ್ಸಿನಲ್ಲಿ ಜೇಬುಗಳ್ಳರಿಗೆ ಹೆದರುವವರ ಹಾಗೆ.

ಡಾಕ್ಟರು ಮಿತಭಾಷಿ. "ಪೊಟ್ಯಾಸಿಯಂ ನಿಮ್ಮ ದೇಹದಿಂದ ಸರಿಯಾಗಿ ಹೊರಗೆ ಹೋಗ್ತಿಲ್ಲ. ಜಾಸ್ತಿ ಆದ್ರೆ ಹಾರ್ಟ್‌ಗೆ ಅಪಾಯ. ಹಣ್ಣಿನ ಜ್ಯೂಸು, ತರಕಾರಿ ಜ್ಯೂಸು, ಬಾಳೆಹಣ್ಣು, ಎಳನೀರು, ಇವೆಲ್ಲ ಬಂದ್" ಎಂದರು.

"ಎಳನೀರೂನಾ ಡಾಕ್ಟ್ರೇ?" ಎಂದಳು ಅಮ್ಮ.

"ಎಳನೀರೇ ಮೊದಲು."

ಅಮ್ಮನಿಗೆ ಅವರ ಓದಿನ ಬಗ್ಗೆಯೇ ಅನುಮಾನ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಹೊರಗೆ ಬಂದ ಮೇಲೆ ಕೇಳಿದಳು, "ಕಾಯಿಲೆಯವರಿಗೆ ಎಳನೀರು ಬೇಡ ಅನ್ನೋ ಡಾಕ್ಟ್ರನ್ನ ಎಲ್ಲಾದ್ರೂ ಕಂಡಿದೀಯೇನೆ?"

ಈಗ ದೊಡ್ಡಮ್ಮ. ಅಮ್ಮನ ಅಕ್ಕ. ಮನೆ ಕತ್ರಿಗುಪ್ಪೆಯಲ್ಲಿ, ನಮ್ಮಲ್ಲಿಗೆ ನಡೆದು ಬರುವಷ್ಟು ಹತ್ತಿರ, ಅದೇ ತೊಂದರೆ. ಅವರ ಮನೆಯಲ್ಲಿ ಕಾಫಿಗಿಂತ ಮುಂಚೆ ಮಿಕ್ಸಿ ಏಳುತ್ತದೆ. ಒಂದು ದಿನ ಬೂದುಗುಂಬಳ, ಒಂದು ದಿನ ಹಾಗಲಕಾಯಿ, ಆಮೇಲೆ ಕ್ಯಾರೆಟ್ ಬೀಟ್‌ರೂಟ್, ನೆಲ್ಲಿಕಾಯಿ, ಗರಿಕೆ ಹುಲ್ಲು. ದೊಡ್ಡಪ್ಪ ಮೂಗು ಹಿಡಿದುಕೊಂಡು ಕುಡಿಯುತ್ತಾರೆ. ಅವರು ಎಪ್ಪತ್ತು ದಾಟಿಯೂ ಗಟ್ಟಿಯಾಗಿರುವುದು ರಸದಿಂದಲೋ ರಸದ ಹೊರತಾಗಿಯೋ ಎಂಬುದು ನನ್ನ ಪ್ರಶ್ನೆ. ಮನೆಯಲ್ಲಿ ಬೇರೆ ಯಾರಿಗೂ ಆ ಪ್ರಶ್ನೆ ಇಲ್ಲ.

ವಿಷಯ ತಿಳಿದ ಮರುದಿನವೇ ದೊಡ್ಡಮ್ಮ ಸ್ಟೀಲ್ ಬಾಟಲಿ ಹಿಡಿದು ಬಂದರು. ದಿಂಡಿನ ರಸ ತೆಗೆಯುವುದು ಸಣ್ಣ ಕೆಲಸವಲ್ಲ, ಒಪ್ಪಬೇಕು. ಹೊರಗಿನ ಪದರ ಸುಲಿದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಪ್ರತಿ ಬಿಲ್ಲೆಯ ನಾರನ್ನು ಬೆರಳಿಗೆ ಸುತ್ತಿ ಎಳೆದು, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ, ಅರೆದು, ಬಟ್ಟೆಯಲ್ಲಿ ಹಿಂಡಬೇಕು. ಮಂಡಿನೋವಿನ ಹೆಂಗಸು ಇಷ್ಟೆಲ್ಲ ಮಾಡಿ ನಡೆದು ಬಂದು ಲೋಟ ಮುಂದೆ ಹಿಡಿದಾಗ ಬೇಡವೆನ್ನುವುದಕ್ಕೆ ತರ್ಕ ಮಾತ್ರ ಸಾಲುವುದಿಲ್ಲ. ನನ್ನ ಹತ್ತಿರ ಇದ್ದದ್ದು ಅದೊಂದೇ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದವಳು ನಾನು, ಎದುರಿನವರು ಕೂತುಕೊಳ್ಳುವವರೆಗೆ ಬಿಡುತ್ತಿರಲಿಲ್ಲ.

"ತಗೋ ಸಿಂಧು, ಒಂದೇ ಗುಟುಕಿಗೆ ಕುಡಿದ್ಬಿಡು."

"ದೊಡ್ಡಮ್ಮ, ನನಗೆ ಕಲ್ಲಿಲ್ಲ."

"ಇಲ್ದಿದ್ರೆ ಇನ್ನೂ ಒಳ್ಳೇದಾಯ್ತು. ಮುಂದೆ ಬರಲ್ಲ."

"ಇದ್ರಲ್ಲಿ ಪೊಟ್ಯಾಸಿಯಂ ಇದೆ. ನನ್ನ ಕಿಡ್ನಿ ಅದನ್ನ ಹೊರಗೆ ಹಾಕಲ್ಲ."

"ಹಾಕ್ಲಿ ಅಂತಾನೇ ತಾನೇ ಕೊಡ್ತಿರೋದು. ನಿಮ್ಮ ದೊಡ್ಡಪ್ಪಂಗೆ ಹಾಕ್ತಲ್ಲ, ಕಡ್ಲೆಕಾಳು ಗಾತ್ರದ ಕಲ್ಲು."

"ಅವರು ಡಾಕ್ಟ್ರು ಕೊಟ್ಟ ಮಾತ್ರೆನೂ ತಗೋತಿದ್ರು."

"ಮಾತ್ರೆ ನುಂಗ್ತಾ ಇದ್ದಾಗೆಲ್ಲ ಕಲ್ಲು ಒಳಗೇ ಕೂತಿತ್ತಲ್ಲಮ್ಮ. ರಸ ಕುಡಿದ ವಾರಕ್ಕೆ ಟಣ್ ಅಂತ ಬಿತ್ತು."

"ನಾನು ಹಲ್ಲುಜ್ಜಿದ ಮೇಲೆ ಸೂರ್ಯ ಹುಟ್ತಾನೆ ದೊಡ್ಡಮ್ಮ. ನಾನು ಉಜ್ಜಿದ್ದಕ್ಕೇ ಹುಟ್ಟಿದ್ನಾ?"

"ನೀನು ಯಾವತ್ತೇ ಸೂರ್ಯ ಹುಟ್ಟೋಕೆ ಮುಂಚೆ ಎದ್ದಿದೀಯಾ?"

ಪೇಪರಿನ ಹಿಂದೆ ಅಪ್ಪ ನಕ್ಕರು. ನನ್ನ ಕಾಯಿಲೆ ಗೊತ್ತಾದ ಮೇಲೆ ಅವರು ನಕ್ಕದ್ದು ಅದೇ ಮೊದಲು, ಆದ್ದರಿಂದ ಆ ಸೋಲನ್ನು ನಾನು ಲೆಕ್ಕಕ್ಕಿಟ್ಟುಕೊಂಡಿಲ್ಲ.

ದೊಡ್ಡಮ್ಮನ ಬ್ರಹ್ಮಾಸ್ತ್ರ ಇನ್ನೊಂದಿತ್ತು: "ಮನೇಲಿ ಮಾಡಿದ್ದು ಕಣೆ. ಸಕ್ಕರೆ ಇಲ್ಲ, ಬಣ್ಣ ಇಲ್ಲ, ಕೆಮಿಕಲ್ ಇಲ್ಲ. ಅದು ಹೇಗೆ ಕೆಟ್ಟದು ಮಾಡತ್ತೆ?" ಈ ವಾದವನ್ನು ಅವರೊಬ್ಬರೇ ಮಾಡುವುದಿಲ್ಲ. ಇಡೀ ದಕ್ಷಿಣ ಬೆಂಗಳೂರು ಪಾರ್ಕಿನ ಬೆಂಚುಗಳ ಮೇಲೆ ಕೂತು ಮಾಡುತ್ತದೆ. ಮನೆಯದು ಎಂದಮಾತ್ರಕ್ಕೆ ಒಳ್ಳೆಯದೆಂದು ಹೇಗಾಗುತ್ತದೆ? ಮನೆಗೆ ಹಾವು ಬಂದರೆ ಅದಕ್ಕೆ ವಿಷವಿರುವುದಿಲ್ಲವೇ? ರಸಗಳ ಮೇಲೆ ನನಗೆ ದ್ವೇಷವೇನಿಲ್ಲ. ಕಿಡ್ನಿ ನೆಟ್ಟಗಿರುವವರು ಬೆಳಗ್ಗೆ ಒಂದು ಲೋಟ ಬೂದುಗುಂಬಳದ ರಸ ಕುಡಿದು ಹಗುರಾಗಿದೆ ಎಂದರೆ ಸಂತೋಷ, ಹಗುರಾಗಲಿ. ಹಣ್ಣನ್ನು ಹಿಂಡುವ ಬದಲು ಅಗಿದು ತಿಂದರೆ ನಾರಾದರೂ ಹೊಟ್ಟೆಗೆ ಹೋಗುತ್ತದೆ ಎಂದು ಹೇಳಿ ಸುಮ್ಮನಾಗುತ್ತೇನೆ. ನನ್ನ ತಕರಾರು 'ಒಳ್ಳೆಯದು' ಎಂಬ ಪದದ ಬಗ್ಗೆ. ಯಾರಿಗೆ, ಎಷ್ಟು ಎಂದು ಹೇಳದೆ ಅದನ್ನು ಬಳಸುವವರು ಚಪ್ಪಲಿಯ ಅಳತೆ ಕೇಳದೆ ಚಪ್ಪಲಿ ಕೊಡಿಸುವವರು. ನಾಲ್ಕು ಕ್ಯಾರೆಟ್, ಎರಡು ಬೀಟ್‌ರೂಟ್ ತಟ್ಟೆಯಲ್ಲಿಟ್ಟರೆ ಯಾರೂ ಒಂದೇ ಸಲಕ್ಕೆ ತಿನ್ನುವುದಿಲ್ಲ. ಹಿಂಡಿಕೊಟ್ಟರೆ ಅರ್ಧ ನಿಮಿಷದಲ್ಲಿ ಒಳಗಿರುತ್ತವೆ, ಅವುಗಳ ಪೊಟ್ಯಾಸಿಯಂ ಸಮೇತ. ನನ್ನಂಥವರ ಎದೆಗೆ ಅಷ್ಟು ಸಾಕು.

ಇದನ್ನೆಲ್ಲ ಹೇಳಿದೆ. ಗಂಟಲು ನೋಯುವಷ್ಟು ಹೇಳಿದೆ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, "ಮಾತಾಡಿ ಸುಸ್ತಾಗಿದೀಯ, ಅರ್ಧ ಲೋಟ ಕುಡಿ" ಎಂದರು.

ಕೊನೆಗೆ ಅಮ್ಮನನ್ನು ನನ್ನ ಪಕ್ಷಕ್ಕೆ ತಂದವರು ಆಸ್ಪತ್ರೆಯ ಡಯಟಿಷಿಯನ್. ಹುಬ್ಬಳ್ಳಿ ಕಡೆಯವರು, ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದರಂತೆ, ಮಾತು ಚುರುಕು. ನನ್ನ ಹತ್ತಿರ ಮಾತಾಡಲೇ ಇಲ್ಲ, ಸೀದಾ ಅಮ್ಮನ ಕಡೆ ತಿರುಗಿದರು. "ನೋಡ್ರಿ ಅಮ್ಮಾರ, ಅಡಿಗಿ ನೀವ ಮಾಡೋರು, ನಿಮಗ ಹೇಳ್ತೀನಿ. ಕಾಯಿಪಲ್ಯ ಸಣ್ಣಗ ಹೆಚ್ಚರಿ. ಭಾಳ ನೀರು ಹಾಕಿ ಕುದಿಸ್ರಿ. ಆಮ್ಯಾಲೆ ನೀರು ಬಸದು ಪಲ್ಯ ಮಾಡ್ರಿ. ಪೊಟ್ಯಾಸಿಯಂ ಎಲ್ಲ ನೀರಿನ್ಯಾಗ ಹೋಗ್ತದ."

ಅಮ್ಮನ ಮುಖ ಅರಳಿತು. ಇಷ್ಟು ದಿನ ಎಲ್ಲರೂ ಅದು ಕೊಡಬೇಡಿ, ಇದು ಕೊಡಬೇಡಿ ಎಂದಿದ್ದರು. ಈಗ ಮೊದಲ ಬಾರಿಗೆ ಮಾಡುವ ಕೆಲಸವೊಂದನ್ನು ಕೊಟ್ಟಿದ್ದರು. "ಬಸಿಯೋದು ತಾನೇ, ಅದೆಷ್ಟರ ಕೆಲಸ" ಎಂದಳು.

ಅಂದಿನಿಂದ ಅಮ್ಮ ಬದಲಾದಳು. ದೊಡ್ಡಮ್ಮನ ಬಾಟಲಿಗಳನ್ನು ನಗುನಗುತ್ತ ತೆಗೆದುಕೊಂಡು, ಅವರು ಗೇಟು ದಾಟುತ್ತಿದ್ದಂತೆ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು. ಎಳನೀರಿನವನು ಬೀದಿಯಲ್ಲಿ ಬಂದರೆ ನನ್ನ ಕಡೆ ಕಳ್ಳಿಯನ್ನು ನೋಡುವಂತೆ ನೋಡುತ್ತಿದ್ದಳು. ನಾನು ಗೆದ್ದೆ ಎಂದುಕೊಂಡೆ. ಊಟವೂ ಕಾಯಿಲೆಯವರ ಊಟದ ಹಾಗಿರಲಿಲ್ಲ. ಬಸಿದ ಹುರುಳಿಕಾಯಿ ಪಲ್ಯ, ಬಸಿದ ಸೊಪ್ಪಿನ ಪಲ್ಯ ಒಂದಿಷ್ಟೇ ಇಷ್ಟು, ಬಿಸಿ ಅನ್ನ, ಬಸ್ಸಾರು. ಉಪ್ಪು ಕಡಿಮೆ ಎಂಬುದೊಂದು ಬಿಟ್ಟರೆ ಕೊರತೆಯಿರಲಿಲ್ಲ. ಬೆಳ್ಳುಳ್ಳಿ, ಮೆಣಸು, ಜೀರಿಗೆ ಹುರಿದು ಅರೆದ ಅಮ್ಮನ ಬಸ್ಸಾರಿಗೆ ಉಪ್ಪಿನ ಕೊರತೆ ಮುಚ್ಚುವ ಶಕ್ತಿಯಿತ್ತು.

ಒಂದು ಮಧ್ಯಾಹ್ನ ಮೆಟ್ರೋ ಮೆಟ್ಟಿಲಲ್ಲಿ ಕಾಲು ಏಳಲಿಲ್ಲ. ನೋವಲ್ಲ. ಒದ್ದೆ ಮೂಟೆ ಕಟ್ಟಿದ ಹಾಗೆ ಭಾರ. ಎದೆಯಲ್ಲಿ ಬಡಿತ ಒಂದು ಬಿಟ್ಟು ಇನ್ನೊಂದು ಬರುತ್ತಿತ್ತು, ಬಂದಾಗ ಗಂಟಲಿಗೇ ಬರುತ್ತಿತ್ತು. ಕಂಬಿ ಹಿಡಿದು ಅಲ್ಲೇ ಕೂತೆ. ಯಾರೋ ನೀರು ಕೊಟ್ಟರು, ಇನ್ಯಾರೋ ಆಟೋ ಕರೆದರು. ಅವರ ಮುಖ ನೆನಪಿಲ್ಲ, ಋಣ ನೆನಪಿದೆ.

ತುರ್ತು ವಾರ್ಡಿನಲ್ಲಿ ಇ.ಸಿ.ಜಿ. ಕಾಗದ ನೋಡಿದ ಹುಡುಗ ಡಾಕ್ಟರು ಇನ್ನೊಬ್ಬರನ್ನು ಕರೆದರು. ಅವರು ಮತ್ತೊಬ್ಬರನ್ನು. ನಮ್ಮ ಇ.ಸಿ.ಜಿ. ನೋಡಲು ಜನ ಸೇರತೊಡಗಿದರೆ ಅದು ಹೊಗಳಿಕೆಯಲ್ಲ ಎಂಬುದು ಯಾರೂ ಹೇಳದೆಯೂ ಗೊತ್ತಾಗುತ್ತದೆ. "ಜ್ಯೂಸ್ ಕುಡಿದ್ರಾ ಮೇಡಂ? ಎಳನೀರು?" ಇಲ್ಲ ಎಂದೆ. ನಂಬಲಿಲ್ಲ, ಮತ್ತೆ ಕೇಳಿದರು. ಕೈಗೆ ಸೂಜಿ, ಅದರ ಹಿಂದೆ ಇನ್ನೊಂದು, ಮೂಗಿಗೆ ಹೊಗೆಯಾಡುವ ಮಾಸ್ಕು. ಕೈ ಗಡಗಡ ನಡುಗುತ್ತಿತ್ತು. ಔಷಧದಿಂದ ಎಂದರು. ಅರ್ಧ ಔಷಧದಿಂದ. ಪೊಟ್ಯಾಸಿಯಂ ಇಳಿಯದಿದ್ದರೆ ಸಂಜೆಯೊಳಗೆ ಡಯಾಲಿಸಿಸ್ ಮಾಡಬೇಕಾಗುತ್ತದೆ ಎಂದು ಅಪ್ಪನಿಗೆ ಹೇಳುತ್ತಿದ್ದುದು ಪರದೆಯ ಈಚೆಗೂ ಕೇಳಿಸಿತು. ನಾನು ನೋಡಬಾರದೆಂದುಕೊಂಡಿದ್ದ ಬಾಗಿಲು ಒಂದೇ ಮಹಡಿ ಮೇಲಿತ್ತು. ಒಬ್ಬ ನರ್ಸ್ ನನ್ನ ಪಾದಗಳನ್ನು ಮುಟ್ಟಿ ನೋಡಿ, ಹೊದಿಕೆ ಎಳೆದು ಮುಚ್ಚಿ ಹೋದರು. ಅಷ್ಟು ಹೊತ್ತಿನಲ್ಲಿ ನನಗೆ ಸಿಕ್ಕಿದ ಬೆಚ್ಚಗಿನ ವಸ್ತು ಅದೊಂದೇ.

ಅಮ್ಮ ಬಂದಳು. ನಾನು ಮಾಸ್ಕು ಸರಿಸಿದೆ.

"ದೊಡ್ಡಮ್ಮ ತಂದಿದ್ದನ್ನ ಯಾವುದರಲ್ಲಿ ಬೆರೆಸ್ದೆ?"

"ಏನೂ ಬೆರೆಸಿಲ್ಲ ಕಣೆ."

"ಹಾಗಾದ್ರೆ ಎಲ್ಲಿಂದ ಬಂತು? ಗಾಳೀಲಿ ಬಂತಾ?"

"ನಿನ್ನಾಣೆ ಕಣೆ. ದಾಸವಾಳಕ್ಕೆ ಹಾಕ್ತಿದ್ದೆ, ನೀನೇ ನೋಡಿದೀಯ."

"ಮಜ್ಜಿಗೆಗೆ? ಚಪಾತಿ ಹಿಟ್ಟಿಗೆ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅಷ್ಟರಲ್ಲಿ ಡಯಟಿಷಿಯನ್ ಬಂದರು. ನಿಧಾನವಾಗಿ ಅಮ್ಮನನ್ನು ಕೂರಿಸಿ, ನಾಲ್ಕೈದು ದಿನ ಏನೇನು ಊಟ ಎಂದು ಕೇಳಿದರು.

"ನೀವು ಹೇಳಿದ ಹಾಗೇ ಮೇಡಂ. ಒಂದು ತರಕಾರಿನೂ ಬಸೀದೆ ಕೊಟ್ಟಿಲ್ಲ."

"ಬಸದ ನೀರು ಏನ್ ಮಾಡಿದ್ರಿ?"

"ಏನ್ ಮಾಡೋದು? ಬಸ್ಸಾರು ಮಾಡ್ದೆ."

"ಅಂದ್ರ?"

"ಆ ನೀರಿಗೇ ಮಸಾಲೆ ಅರೆದು ಹಾಕಿ ಕುದಿಸೋದು. ಸಾರು."

"ಆ ಸಾರು ಯಾರು ಉಂಡ್ರು?"

ಅಮ್ಮ ನನ್ನ ಕಡೆ ಕೈ ತೋರಿಸಿದಳು. "ಅವಳಿಗೆ ತುಂಬ ಇಷ್ಟ. ದಿನಾ ಎರಡೆರಡು ಸೌಟು."

ಡಯಟಿಷಿಯನ್ ಪೆನ್ನು ಕೆಳಗಿಟ್ಟರು. "ಅಮ್ಮಾರ, ಆ ನೀರು ಚೆಲ್ಲಬೇಕಿತ್ರಿ."

"ಚೆಲ್ಲೋದಾ?" ಎಂದಳು ಅಮ್ಮ. ಬಸಿದ ನೀರನ್ನು ಮೋರಿಗೆ ಚೆಲ್ಲುವ ಮನೆಯೊಂದು ಈ ಭೂಮಿಯ ಮೇಲಿದೆ ಎಂಬುದು ಅವಳಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ.

"ನಮ್ಮ ಕಡೆ ಹೋಳಿಗಿ ಮಾಡಿದಾಗ ಕಟ್ಟಿನ ಸಾರು ಮಾಡ್ತೀವಿ, ಬ್ಯಾಳಿ ನೀರಿಂದು. ಇಲ್ಲೆ ದಿನಾ ಸೊಪ್ಪಿನ ನೀರು, ಕಾಯಿಪಲ್ಯದ ನೀರು ಸಾರು ಮಾಡ್ತಾರಂತ ನಂಗೂ ಗೊತ್ತಿದ್ದಿಲ್ರಿ" ಎಂದರು ಆಕೆ. ತಪ್ಪು ಹುಡುಕುವ ದನಿ ಅದಾಗಿರಲಿಲ್ಲ. "ನಾನು ಕೇಳಬೇಕಿತ್ತು."

ಪೊಟ್ಯಾಸಿಯಂ ನೀರಿಗೆ ಹೋಗುತ್ತದೆ. ಆ ನೀರಿನಿಂದ ಬಸ್ಸಾರು ಆಗುತ್ತದೆ. ಎರಡೂ ವಾಕ್ಯ ನನಗೆ ಚೆನ್ನಾಗಿ ಗೊತ್ತಿದ್ದವು, ಮೂರನೆಯದು ತಾನಾಗಿ ಬರಬೇಕಿತ್ತು. ದೊಡ್ಡಮ್ಮನ ತರ್ಕದ ತೂತುಗಳನ್ನು ಎಣಿಸುತ್ತ ನಾನು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದೆ. ಯೋಚಿಸಿದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಸಂಜೆಗೆ ಪೊಟ್ಯಾಸಿಯಂ ಇಳಿಯತೊಡಗಿತು. ಮೇಲಿನ ಮಹಡಿಗೆ ಹೋಗಬೇಕಾಗಲಿಲ್ಲ. ಮರುದಿನ ದೊಡ್ಡಮ್ಮ ಬರಿಗೈಯಲ್ಲಿ ಬಂದರು. ನನ್ನ ತಲೆ ಸವರಿದರು. ಎಲ್ಲ ಕೇಳಿ ತಿಳಿದುಕೊಂಡು, "ಅಂತೂ ನನ್ನ ದಿಂಡಿನ ರಸದಿಂದ ಅಲ್ವಲ್ಲ" ಎಂದರು.

"ಅದನ್ನೂ ಕುಡಿದಿದ್ರೆ ಇನ್ನೂ ಬೇಗ ಬರ್ತಿದ್ದೆ ಇಲ್ಲಿಗೆ."

"ಕುಡೀಲಿಲ್ವಲ್ಲ, ಹೇಗೆ ಗೊತ್ತು?"

ನನಗೆ ಬೇಕಾದಷ್ಟು ಉತ್ತರಗಳಿದ್ದವು. ಕೈಯಲ್ಲಿ ಸೂಜಿಯಿತ್ತು, ಮಲಗಿಕೊಂಡೆ.

ಮನೆಗೆ ಬಂದ ಮೇಲೆ ಹೊಸ ತಲೆನೋವು. ಅಮ್ಮ ಬಸ್ಸಾರು ನಿಲ್ಲಿಸಿಬಿಟ್ಟಳು. ನನಗಲ್ಲ, ಇಡೀ ಮನೆಗೆ. ತರಕಾರಿ ಬಸಿದು, ಪಾತ್ರೆಯನ್ನು ಸಿಂಕಿಗೆ ಬಗ್ಗಿಸಿ, ಮುಖ ಬೇರೆ ಕಡೆ ಮಾಡಿ ನಿಲ್ಲುತ್ತಿದ್ದಳು, ಪೂರ್ತಿ ಹರಿದುಹೋಗುವವರೆಗೆ. ಅಪ್ಪನಿಗೆ ದಿನವೂ ಮಜ್ಜಿಗೆ ಅನ್ನ. ಪಾಪ, ಅವರು ತುಟಿ ಬಿಚ್ಚಲಿಲ್ಲ. ಬಿಚ್ಚಿದವಳು ನಾನು.

"ನಿಮ್ಮಿಬ್ಬರ ಕಿಡ್ನಿ ಸರಿಯಾಗಿದೆ ಅಮ್ಮ. ನೀವು ಊಟ ಮಾಡದೇ ಇದ್ರೆ ನನಗೇನು ಲಾಭ?"

"ಲಾಭಕ್ಕೆ ಯಾರು ಮಾಡ್ತಾರೆ."

"ಸೊಪ್ಪಿನ ನೀರು ನಿನಗೆ ಒಳ್ಳೇದು."

"ಒಳ್ಳೇದು ಅಂದ್ರೆ ಯಾರಿಗೆ, ಎಷ್ಟು ಅಂತ ಕೇಳ್ತಿದ್ದೋಳು ನೀನೇ ತಾನೇ?"

"ನಿನಗೆ ಅಂತ ಹೇಳಿದ್ನಲ್ಲ. ಒಂದು ಬಟ್ಟಲು."

"ನಂಗೆ ಬೇಡ. ನಿನ್ನ ಎದೆ ಹೊಡ್ಕೊಳ್ತಿದ್ದಿದ್ದನ್ನ ಆ ಮಿಷನ್ನಲ್ಲಿ ನೋಡಿದೀನಿ. ಆ ನೀರು ಕಂಡ್ರೆ ನಂಗೆ ಅದೇ ಕಾಣತ್ತೆ."

ಇದಕ್ಕೆ ಯಾವ ಚರ್ಚಾಸ್ಪರ್ಧೆಯಲ್ಲೂ ಖಂಡನೆ ಹೇಳಿಕೊಟ್ಟಿಲ್ಲ. ವಾರಗಟ್ಟಲೆ ವಾದಿಸಿದೆ. ಪ್ರತಿ ರಕ್ತಪರೀಕ್ಷೆಯಲ್ಲೂ ನನ್ನ ಪೊಟ್ಯಾಸಿಯಂ ಇರಬೇಕಾದಲ್ಲೇ ಇತ್ತು. ಉಳಿದಷ್ಟು ಕಿಡ್ನಿಯೂ ಮುನಿಸಿಕೊಳ್ಳದೆ ಕೂತಿತ್ತು. "ಹೀಗೇ ಇದ್ರೆ ಬಹಳ ವರ್ಷ ನಡೆಯತ್ತೆ" ಎಂದರು ಡಾಕ್ಟರು. ಅವರ ಲೆಕ್ಕದಲ್ಲಿ ಅದು ಉದ್ದದ ಭಾಷಣ. ಅಮ್ಮ ಮಾತ್ರ ಸಿಂಕಿನ ಮುಂದೆ ಹಾಗೆಯೇ ನಿಲ್ಲುತ್ತಿದ್ದಳು.

ಒಂದು ಭಾನುವಾರ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾಗ ನಾನು ಅಡುಗೆಮನೆ ಹೊಕ್ಕೆ. ಹುರುಳಿಕಾಯಿ ಸಣ್ಣಗೆ ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಕುದಿಸಿ, ಬಸಿದೆ. ಬೇಳೆಯನ್ನು ಬೇರೆ ಬೇಯಿಸಿದೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ಕಾಯಿತುರಿ ಹಾಕಿ ಅರೆದೆ. ಹುಣಸೆಹಣ್ಣು ಎಷ್ಟೆಂದು ತಿಳಿಯದೆ ಅಂದಾಜಿಗೆ ಹಿಂಡಿದೆ. ಅಪ್ಪ ವಾಸನೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. "ನಿಮ್ಮಮ್ಮ ಬಯ್ತಾಳೆ" ಎಂದರು. ಹೋಗಲಿಲ್ಲ.

ಅಮ್ಮ ಬಂದಾಗ ಮೂರು ತಟ್ಟೆ ಹಾಕಿದ್ದೆ. ನನ್ನ ತಟ್ಟೆಯಲ್ಲಿ ಅನ್ನ ಮತ್ತು ಬಸಿದ ಹುರುಳಿಕಾಯಿ. ಅವರಿಬ್ಬರಿಗೆ ಅದರ ನೀರಿನ ಸಾರು. ಅಪ್ಪ ಕಲಸಿಕೊಂಡು ಉಣ್ಣತೊಡಗಿದರು. ಅಮ್ಮ ಕೈ ಕಟ್ಟಿ ಕೂತಳು.

"ನೀನು ಬಾಯಿಗಿಡೋ ಹಾಗಿಲ್ಲ. ನಿನ್ನ ಎದುರಿಗೆ ಕೂತು ನಾನು ಹೇಗೆ ತಿನ್ಲಿ?"

"ಅಡುಗೆ ಮಾಡಿದೋಳು ನಾನು. ಚೆನ್ನಾಗಿದೆಯೋ ಇಲ್ವೋ ರುಚಿ ನೋಡೋ ಹಾಗೂ ಇಲ್ಲ ನನಗೆ. ನೀನೂ ನೋಡದೇ ಇದ್ರೆ ಯಾರು ಹೇಳ್ತಾರೆ?"

"ನಿಮ್ಮಪ್ಪ ಇದಾರಲ್ಲ."

"ಅಪ್ಪ ಏನು ಕೊಟ್ರೂ ಚೆನ್ನಾಗಿದೆ ಅಂತಾರೆ."

"ಚೆನ್ನಾಗಿದೆ" ಎಂದರು ಅಪ್ಪ.

ಅಮ್ಮನಿಗೆ ನಗು ಬಂತು, ತಡೆದುಕೊಂಡಳು. ನಾನು ಅವಳ ಅನ್ನದ ಮೇಲೆ ಒಂದು ಸೌಟು ಸುರಿದೆ. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು.

"ಹುಣಸೆಹಣ್ಣು ಜಾಸ್ತಿ ಆಯ್ತು. ಬೆಳ್ಳುಳ್ಳಿ ಸರಿಯಾಗಿ ಹುರಿದಿಲ್ಲ, ಹಸಿ ವಾಸನೆ."

"ಹ್ಞೂಂ."

"ಬೇಳೆ ಕಟ್ಟು ಇನ್ನೊಂಚೂರು ಸೇರಿಸಬೇಕಿತ್ತು."

"ಮುಂದಿನ ಸಲ."

ಅಮ್ಮ ಕಲಸಿಕೊಂಡಳು. ಒಂದು ತುತ್ತು, ಇನ್ನೊಂದು. ನನ್ನ ತಟ್ಟೆಯ ಹುರುಳಿಕಾಯಿಗೆ ಉಪ್ಪೂ ಇರಲಿಲ್ಲ, ರುಚಿಯೂ ಇರಲಿಲ್ಲ. ಬಸ್ಸಾರಿನ ಆವಿ ನೇರ ನನ್ನ ಮುಖಕ್ಕೇ ಬರುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು. ನಿಧಾನವಾಗಿ ಅಗಿಯುತ್ತ ಕೂತೆ.

"ಇನ್ನೊಂದ್ ಸೌಟು ಹಾಕು" ಎಂದು ಅಮ್ಮ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.